ವಾರ್ಡ್ ಘಟಕದ ಲೆಕ್ಕವನ್ನು ಜನರ ಮುಂದಿಟ್ಟೆವು

ಪಕ್ಷದ ವಾರ್ಡ್ ಘಟಕಕ್ಕೆ ಖಜಾಂಚಿಯಾದ ಮೇಲೆ ಮನೆ ಮನೆಗೆ ಹೋದೆ. ಜಾಸ್ತಿ ಕೇಳಿದ ಮಾತು ಒಂದೇ: "ಓಟು ಹಾಕ್ತೀವಿ ಬಿಡಿ, ಈ ಪಕ್ಷ ಗಿಕ್ಷ ಎಲ್ಲ ನಮಗೆ ಬೇಡ." ಹೀಗಂದವರಲ್ಲಿ ಹಲವರ ಹೆಸರು ಆಗಲೇ ನಮ್ಮ ಸದಸ್ಯರ ಪಟ್ಟಿಯಲ್ಲಿತ್ತು. ಯಾವಾಗಲೋ ಮಿಸ್ಡ್ ಕಾಲ್ ಕೊಟ್ಟು ಸದಸ್ಯರಾಗಿದ್ದರು. ಆಮೇಲೆ ಅವರನ್ನು ಯಾರೂ ಯಾವ ವಿಷಯಕ್ಕೂ ಕೇಳಿರಲಿಲ್ಲ. ಅವರಿಗೆ ನಂಬಿಕೆ ಎಲ್ಲಿಂದ ಬರಬೇಕು?

ನಾನು ದುಡ್ಡಿನಿಂದಲೇ ಶುರು ಮಾಡಿದೆ. 20,000 ರೂಪಾಯಿಗಿಂತ ಹೆಚ್ಚು ದೇಣಿಗೆ ಕೊಟ್ಟವರ ವಿವರವನ್ನು ಮಾತ್ರ ಪಕ್ಷಗಳು ಚುನಾವಣಾ ಆಯೋಗಕ್ಕೆ ಕೊಡಬೇಕು. ನಮ್ಮಂಥ ಘಟಕಕ್ಕೆ ಬರೋದೆಲ್ಲ ಅದಕ್ಕಿಂತ ಸಣ್ಣ ಮೊತ್ತ. ಹಾಗಾಗಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅನುಮಾನ ಹುಟ್ಟುವುದೂ ಅಲ್ಲೇ. ಕೊಟ್ಟ ಪ್ರತಿಯೊಬ್ಬರಿಗೂ ರಸೀದಿ ಕೊಟ್ಟೆವು. ತಿಂಗಳ ಸಭೆಯಲ್ಲಿ ಜಮಾ-ಖರ್ಚು ಓದಿದೆವು: ಫ್ಲೆಕ್ಸಿಗೆ ಎಷ್ಟು, ಮೈಕಿಗೆ ಎಷ್ಟು, ಆಟೋಗೆ ಎಷ್ಟು. ಸದಸ್ಯರಲ್ಲದವರೂ ಬಂದು ಕೂರಬಹುದಿತ್ತು. "ಎದುರಾಳಿಗಳ ಕೈಗೆ ಅಸ್ತ್ರ ಕೊಡ್ತಿದ್ದೀಯ" ಅಂತ ಹಿರಿಯರು ಗದರಿದರು. ನಾನು ಬಿಡಲಿಲ್ಲ. ಪಕ್ಷಕ್ಕೆ ದುಡ್ಡು ಕೊಟ್ಟವರ ಹೆಸರು ಜನರಿಗೆ ತಿಳಿಯದಂತೆ ಇಡುತ್ತಿದ್ದ ಚುನಾವಣಾ ಬಾಂಡ್ ಯೋಜನೆಯನ್ನು 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಪಕ್ಷಕ್ಕೆ ಹಣ ಎಲ್ಲಿಂದ ಬರುತ್ತದೆ ಎಂದು ತಿಳಿಯುವುದು ಮತದಾರರ ಹಕ್ಕು ಎಂದಿತು. ಅಲ್ಲಿಂದ ನನ್ನ ಮಾತಿಗೂ ಸ್ವಲ್ಪ ತೂಕ ಬಂತು.

ಇನ್ನೊಂದು ಕೆಲಸ ಇದಕ್ಕಿಂತ ಕಷ್ಟದ್ದು. ನೋಂದಾಯಿತ ಪಕ್ಷಗಳೆಲ್ಲ ತಮ್ಮ ನಿಯಮಾವಳಿಯನ್ನು ಆಯೋಗಕ್ಕೆ ಕೊಟ್ಟಿರಲೇಬೇಕು. ನಮ್ಮ ಪಕ್ಷದ್ದನ್ನು ಪ್ರಿಂಟ್ ತೆಗೆದು ಸಭೆಯಲ್ಲಿ ಹಂಚಿದೆ. ಪದಾಧಿಕಾರಿಗಳನ್ನು ಸದಸ್ಯರೇ ಆರಿಸಬೇಕು ಅಂತ ಅದರಲ್ಲೇ ಇತ್ತು. "ಹಾಗಾದ್ರೆ ನಮ್ಮ ಅಧ್ಯಕ್ಷರನ್ನು ಆರಿಸಿದ್ದು ಯಾರು?" ಅಂತ ಒಬ್ಬ ಹೆಂಗಸು ಕೇಳಿದರು. ಯಾರ ಬಳಿಯೂ ಉತ್ತರ ಇರಲಿಲ್ಲ, ಮೇಲಿನಿಂದ ನೇಮಕ ಆಗಿತ್ತು. ಬೂತ್ ಸಮಿತಿಗಾದರೂ ಚೀಟಿ ಹಾಕಿ ಮತದಾನ ಮಾಡೋಣ ಅಂತ ಪಟ್ಟು ಹಿಡಿದು ಮಾಡಿಸಿದೆವು. ಅಲ್ಲಿಯವರೆಗೆ ರ್‍ಯಾಲಿಗೆ ಮಾತ್ರ ಕರೆಸಿಕೊಳ್ಳುತ್ತಿದ್ದ ಹೆಂಗಸರು ಈಗ ಸಮಿತಿಯಲ್ಲಿದ್ದಾರೆ. ಸಭೆಯಲ್ಲಿ ಜಾಸ್ತಿ ಪ್ರಶ್ನೆ ಬರೋದು ಅವರಿಂದಲೇ. ನನಗೆ ನಿಜವಾಗಿ ಖುಷಿ ಕೊಟ್ಟದ್ದು ಇದು.

ಟಿಕೆಟ್ ಮಾತ್ರ ಇಂದಿಗೂ ಮೇಲೆಯೇ ತೀರ್ಮಾನ ಆಗುತ್ತದೆ. ಕ್ರಿಮಿನಲ್ ಪ್ರಕರಣ ಇರುವವರನ್ನು ಆರಿಸಿದರೆ ಕಾರಣವನ್ನು 48 ಗಂಟೆಯೊಳಗೆ ಪಕ್ಷ ಪ್ರಕಟಿಸಬೇಕು ಅಂತ ಸುಪ್ರೀಂ ಕೋರ್ಟ್ ಆದೇಶವಿದೆ. ಆ ಕಾರಣವನ್ನೂ ನಾವು ಸಭೆಯಲ್ಲಿ ಓದುತ್ತೇವೆ. ಸದಸ್ಯರ ಅಭಿಪ್ರಾಯವನ್ನು ಸಹಿ ಸಮೇತ ಮೇಲಕ್ಕೆ ಕಳಿಸುತ್ತೇವೆ. ಉತ್ತರ ಇನ್ನೂ ಬಂದಿಲ್ಲ, ಕಳಿಸೋದನ್ನು ನಾವೂ ನಿಲ್ಲಿಸಿಲ್ಲ.