ವಾಲ್ವ್ ಬಾಡಿಗೂ ರಫ್ತು ಲೈಸೆನ್ಸ್ ಬೇಕಾ? ಸ್ಕೋಮೆಟ್ ಪಟ್ಟಿ ಹುಡುಕಿ ಓದಿದ ಅನುಭವ

ಶಿವಮೊಗ್ಗದ ಮಾಚೇನಹಳ್ಳಿಯ ಫೌಂಡ್ರಿಯೊಂದರಲ್ಲಿ ರಫ್ತಿನ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಪಂಪ್ ಕೇಸಿಂಗ್, ವಾಲ್ವ್ ಬಾಡಿಗಳನ್ನು (ಪಂಪು, ವಾಲ್ವುಗಳ ಹೊರಕವಚ) ಎರಕ ಹೊಯ್ದು, ಮಷಿನಿಂಗ್ ಮಾಡಿ ಕಳಿಸುತ್ತೇವೆ. ಒಮ್ಮೆ ಹೊರದೇಶದ ಗಿರಾಕಿಯೊಬ್ಬರು, ಈ ಬಾಡಿ ಸ್ಕೋಮೆಟ್‌ಗೆ ಬರುತ್ತದೋ ಇಲ್ಲವೋ ಬರೆದುಕೊಡಿ ಅಂದರು. ಸ್ಕೋಮೆಟ್ ಅಂದರೆ ಅಸ್ತ್ರಗಳಿಗೂ ಒದಗಬಹುದು ಅಂತ ಸರ್ಕಾರದ ಅನುಮತಿ ಪಡೆದೇ ರಫ್ತು ಮಾಡಬೇಕಾದ ಸಾಮಾನುಗಳ ಪಟ್ಟಿ. ನಮ್ಮ ಕ್ಲಿಯರಿಂಗ್ ಏಜೆಂಟರನ್ನು ಕೇಳಿದೆ. "ಅದೆಲ್ಲ ಬಾಂಬು, ಮಿಸೈಲಿಗೆ ಸಾರ್. 8481 ಅಂತ ಎಚ್‌ಎಸ್ ಕೋಡ್ ಹಾಕಿ, ಹೋಗುತ್ತೆ" ಅಂದರು. ಎಚ್‌ಎಸ್ ಕೋಡ್ ಅಂದರೆ ಕಸ್ಟಮ್ಸ್‌ಗೆ ಸರಕಿನ ಬಗೆ ಹೇಳುವ ಸಂಖ್ಯೆ. ಆದರೆ ಸಹಿ ಹಾಕಬೇಕಾದವನು ನಾನು, ಅಲ್ವಾ? ಮೂಲ ಪಟ್ಟಿಯನ್ನೇ ಹುಡುಕಲು ಕೂತೆ.

ಗೂಗಲ್ ಮಾಡಿದರೆ ಕನ್ಸಲ್ಟೆಂಟರ ಜಾಹೀರಾತೇ ಜಾಸ್ತಿ. ಬೇಕಾದದ್ದೆಲ್ಲ ಡಿಜಿಎಫ್‌ಟಿ, ಅಂದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಐಟಿಸಿ ಎಚ್‌ಎಸ್ (ನಮ್ಮ ದೇಶದ ಆಮದು, ರಫ್ತು ಸರಕುಗಳ ವರ್ಗೀಕರಣ) ಶೆಡ್ಯೂಲ್ 2ರ ಅಪೆಂಡಿಕ್ಸ್ 3 ಅಂತ ಇರುವುದೇ ಸ್ಕೋಮೆಟ್ ಪಟ್ಟಿ. ಜೊತೆಗೆ 2023ರ ವಿದೇಶ ವ್ಯಾಪಾರ ನೀತಿಯ 10ನೇ ಅಧ್ಯಾಯ, ಹ್ಯಾಂಡ್‌ಬುಕ್ ಆಫ್ ಪ್ರೊಸೀಜರ್ಸ್‌ನ 10ನೇ ಅಧ್ಯಾಯ. ಪಟ್ಟಿ ಆಗಾಗ ಬದಲಾಗುತ್ತಿರುತ್ತದೆ, ಹಾಗಾಗಿ ಅಧಿಸೂಚನೆಯ ತಾರೀಖು ಮೊದಲು ನೋಡಿ. ನಮ್ಮ ಕಡೆ ಮಳೆ ಹಿಡಿದರೆ ಕರೆಂಟು, ನೆಟ್ಟು ಎರಡೂ ಕೈಕೊಡುತ್ತವೆ. ಪಿಡಿಎಫ್ ಇಳಿಸಿಟ್ಟುಕೊಳ್ಳುವುದು ವಾಸಿ.

ಪಟ್ಟಿ ಉದ್ದ ಇದೆ, ಆದರೆ ಪೂರ್ತಿ ಓದಬೇಕಿಲ್ಲ. ವರ್ಗ 0 ಅಣುಶಕ್ತಿ ಇಲಾಖೆಗೆ ಸೇರಿದ್ದು, ವರ್ಗ 6 ರಕ್ಷಣಾ ಉತ್ಪಾದನಾ ಇಲಾಖೆಗೆ. ಉಳಿದದ್ದಕ್ಕೆ ಹೆಚ್ಚುಕಡಿಮೆ ಡಿಜಿಎಫ್‌ಟಿಯೇ ಅನುಮತಿ ಕೊಡುವುದು. ನಮ್ಮ ಮಾಲು ಹುಡುಕಬೇಕಾದದ್ದು ವರ್ಗ 3ರ 3ಡಿ ಎಂಬ ಉಪವಿಭಾಗದಲ್ಲಿ, ಕೆಮಿಕಲ್ ತಯಾರಿಸುವ ಉಪಕರಣಗಳ ಜಾಗದಲ್ಲಿ. ಆಸ್ಟ್ರೇಲಿಯಾ ಗ್ರೂಪ್ ಎಂಬ ದೇಶಗಳ ಕೂಟ ರಾಸಾಯನಿಕ ಅಸ್ತ್ರಕ್ಕೆ ಒದಗಬಹುದಾದ ಸಾಮಾನಿನ ಮೇಲೆ ಕಣ್ಣಿಡುತ್ತದೆ. ಭಾರತ 2018ರಲ್ಲಿ ಅದಕ್ಕೆ ಸೇರಿತು. ವಾಲ್ವು, ಪಂಪು ಅದರ ಪಟ್ಟಿಯಲ್ಲೂ ಇವೆ.

ಎಚ್‌ಎಸ್ ಕೋಡ್ ನೋಡಿ ಇದನ್ನು ತೀರ್ಮಾನಿಸಲು ಬರುವುದಿಲ್ಲ. ಬಚ್ಚಲಮನೆ ನಲ್ಲಿಯೂ 8481, ಆಸಿಡ್ ಲೈನಿನ ವಾಲ್ವೂ 8481! ಇಲ್ಲಿ ಲೆಕ್ಕಕ್ಕೆ ಬರುವುದು ಸೈಜು, ಮತ್ತೆ ಕೆಮಿಕಲ್ ತಾಗುವ ಒಳಮೈ ಯಾವುದರದ್ದು ಎಂಬುದು. ನಿಕ್ಕಲ್ ಶೇಕಡಾ 25ಕ್ಕಿಂತ, ಕ್ರೋಮಿಯಂ ಶೇಕಡಾ 20ಕ್ಕಿಂತ ಜಾಸ್ತಿ, ಎರಡೂ ಒಟ್ಟಿಗೆ ಇರುವ ಮಿಶ್ರಲೋಹ, ಟೈಟೇನಿಯಂ, ಟ್ಯಾಂಟಲಂ, ಗಾಜು, ಫ್ಲೋರೋಪಾಲಿಮರ್ ಹೀಗೆ. ಬಿಡಿ ಬಾಡಿಯನ್ನೂ ಬಿಟ್ಟಿಲ್ಲ.

ಲ್ಯಾಬಿಗೆ ಹೋಗಿ ಆ ಹೀಟ್ ನಂಬರಿನ (ಒಂದು ಸಲಕ್ಕೆ ಕರಗಿಸಿದ ಲೋಹದ ಗುರುತು) ಸ್ಪೆಕ್ಟ್ರೋ ರಿಪೋರ್ಟ್, ಅಂದರೆ ಲೋಹದಲ್ಲಿ ಯಾವುದು ಎಷ್ಟಿದೆ ಎಂಬ ವರದಿ ತೆಗೆಸಿದೆ. ಗ್ರೇಡ್ ಸಿಎಫ್‌8ಎಂ, ಎರಕದ ಒಂದು ಬಗೆಯ ಸ್ಟೇನ್‌ಲೆಸ್ ಸ್ಟೀಲ್. ಅದರಲ್ಲಿ ನಿಕ್ಕಲ್ ಶೇಕಡಾ 9ರಿಂದ 12, ಕ್ರೋಮಿಯಂ 18ರಿಂದ 21ರ ಒಳಗೆ ಇರಬೇಕು, ಇತ್ತು. ನಿಕ್ಕಲ್ 25ರ ಹತ್ತಿರಕ್ಕೂ ಬರಲಿಲ್ಲ, ಹಾಗಾಗಿ 3ಡಿಗೆ ಸಿಗುವುದಿಲ್ಲ. ಅದೇ ಬಾಡಿಯ ಒಳಗೆ ಪಿಟಿಎಫ್‌ಇ ಎಂಬ ಫ್ಲೋರೋಪಾಲಿಮರಿನ ಲೈನಿಂಗ್ ಹಾಕಿ ಕಳಿಸಿ ಅಂದಿದ್ದರೆ ಕಥೆಯೇ ಬೇರೆ. ಆಗ ಆನ್‌ಲೈನ್ ಅರ್ಜಿ, ಗಿರಾಕಿಯ ಎಂಡ್ ಯೂಸರ್ ಸರ್ಟಿಫಿಕೇಟ್ (ಮಾಲನ್ನು ಯಾರು, ಯಾವುದಕ್ಕೆ ಬಳಸುತ್ತಾರೆ ಎಂಬ ಪತ್ರ), ದೆಹಲಿಯಲ್ಲಿ ಹಲವು ಸಚಿವಾಲಯಗಳ ಸಮಿತಿಯ ಪರಿಶೀಲನೆ. ಸೇಲ್ಸ್‌ನವರು ಸುಮ್ನೆ ಡೆಲಿವರಿ ತಾರೀಖು ಒಪ್ಪಿಕೊಳ್ಳಬಾರದು ಅಂತ ಆವತ್ತೇ ಹೇಳಿಟ್ಟೆ.

ಪಟ್ಟಿಯಲ್ಲಿ ಇಲ್ಲದ ಮಾಲಾದರೂ, ಅದು ಸಮೂಹನಾಶಕ ಅಸ್ತ್ರಕ್ಕೆ ಬಳಕೆಯಾಗುತ್ತದೆ ಎಂದು ಗೊತ್ತಿದ್ದರೆ ಕಳಿಸುವಂತಿಲ್ಲ. ಆದ್ದರಿಂದ ಹೊಸ ಗಿರಾಕಿಯ ಹೆಸರನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ನಿರ್ಬಂಧ ಪಟ್ಟಿಯಲ್ಲೂ, ಅಮೆರಿಕ ಸರ್ಕಾರ ನಿರ್ಬಂಧಿಸಿದವರ ಕನ್ಸಾಲಿಡೇಟೆಡ್ ಸ್ಕ್ರೀನಿಂಗ್ ಲಿಸ್ಟಿನಲ್ಲೂ ಹಾಕಿ ನೋಡುತ್ತೇನೆ. ಎರಡೂ ಪುಕ್ಕಟೆ. ನೋಡಿದ ಪುಟದ ಪ್ರಿಂಟು, ಸ್ಪೆಕ್ಟ್ರೋ ರಿಪೋರ್ಟು, ಡ್ರಾಯಿಂಗು ಮೂರನ್ನೂ ಶಿಪ್ಪಿಂಗ್ ಬಿಲ್ಲಿನ (ಕಸ್ಟಮ್ಸ್‌ಗೆ ಕೊಡುವ ರಫ್ತು ಪತ್ರ) ಫೈಲಿಗೇ ಸೇರಿಸುತ್ತೇನೆ.