ಕಾಮಿಕ್ಸ್ ಪುಟ, ಬಳ್ಳಾರಿ ಬಿಸಿಲು: ನಮ್ಮ ಸೂಪರ್‌ಹೀರೊ ಕಿರುಚಿತ್ರದ ಅನುಭವ

ಸೂಪರ್‌ಹೀರೊ ಸಿನಿಮಾ ಅಂದ್ರೆ ಗ್ರಾಫಿಕ್ಸು, ಕೋಟಿಗಟ್ಟಲೆ ದುಡ್ಡು ಅಂತ ಎಲ್ಲರೂ ಹೇಳುತ್ತಾರೆ. ನಾವು ಗೆಳೆಯರು ಬಳ್ಳಾರಿಯಲ್ಲಿ ಒಂದು ಕಿರುಚಿತ್ರವನ್ನು ಫೋನಿನಲ್ಲೇ ಮಾಡಿದೆವು. ಹೀರೊಗೆ ಕೌಲ್ ಬಜಾರಿನಲ್ಲಿ ಹೊಲಿಸಿದ ಜೀನ್ಸ್ ಜಾಕೆಟ್. ಉಳಿದದ್ದೆಲ್ಲ ಕಾಮಿಕ್ಸ್ ನೋಡಿ ಕಲಿತದ್ದು.

ಎಲ್ಲಕ್ಕಿಂತ ಮುಖ್ಯ ಪೋಸ್. ಕಾಮಿಕ್ಸ್‌ನಲ್ಲಿ ಗುದ್ದು ಪೂರ್ತಿ ಕಾಣುವುದೇ ಇಲ್ಲ. ಮುಷ್ಟಿ ಹಿಂದಕ್ಕೆ ಹೋದ ಒಂದು ಚಿತ್ರ, ವಿಲನ್ ಹಾರಿಬೀಳುವ ಇನ್ನೊಂದು, ನಡುವಿನದ್ದನ್ನು ಓದುವವರೇ ತುಂಬಿಕೊಳ್ಳುತ್ತಾರೆ. ಹಾಗಾಗಿ ನಾವು ಸೆಕೆಂಡಿಗೆ 120 ಫ್ರೇಮಿನಲ್ಲಿ, ಅಂದ್ರೆ 120 ಬಿಡಿ ಚಿತ್ರಗಳಲ್ಲಿ ಶೂಟ್ ಮಾಡಿ, ಎಡಿಟಿಂಗ್‌ನಲ್ಲಿ ಪೋಸ್ ಬಂದ ಕಡೆ ನಿಧಾನ ಮಾಡಿ, ನಡುವಿನದ್ದನ್ನು ಸರ್ರನೆ ಓಡಿಸಿದೆವು.

2018ರ ಅನಿಮೇಷನ್ ಸಿನಿಮಾ ‘ಸ್ಪೈಡರ್‌ಮ್ಯಾನ್: ಇನ್‌ಟು ದ ಸ್ಪೈಡರ್‌ವರ್ಸ್’ನಲ್ಲಿ ಇನ್ನೊಂದು ಉಪಾಯ ಇದೆ. ಕಾಡಿನ ದೃಶ್ಯದಲ್ಲಿ ಪಳಗಿದ ಸ್ಪೈಡರ್‌ಮ್ಯಾನ್ ಪೀಟರ್‌ಗೆ ಸೆಕೆಂಡಿಗೆ 24 ಚಿತ್ರ, ಇನ್ನೂ ಕಲಿಯುತ್ತಿರುವ ಹುಡುಗ ಮೈಲ್ಸ್‌ಗೆ 12. ಒಂದೊಂದು ಚಿತ್ರವೂ ಎರಡು ಫ್ರೇಮ್ ನಿಲ್ಲುವುದರಿಂದ ಅವನ ನೆಗೆತ ಸ್ವಲ್ಪ ತಡವರಿಸಿದ ಹಾಗೆ ಕಾಣುತ್ತದೆ, ಎಷ್ಟು ಚೆನ್ನಾಗಿದೆ ಅಲ್ವಾ? ವೇಗವಾಗಿ ಓಡುವಾಗ ಚಿತ್ರ ಕಲಸಿದ ಹಾಗೆ ಕಾಣುವ ಮಸುಕನ್ನೂ ಅಲ್ಲಿ ದೂರ ಇಟ್ಟಿದ್ದಾರೆ, ಗೆರೆ ಗೆರೆಯಾಗೇ ಉಳಿಯಲಿ ಅಂತ.

ಕ್ಯಾಮೆರಾದಲ್ಲಿ ಮಸುಕು ಬೇಡ ಅಂದ್ರೆ ಶಟರ್ ಸ್ಪೀಡ್ ಏರಿಸಬೇಕು, ಅಂದ್ರೆ ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಹೊತ್ತನ್ನು ಕಡಿಮೆ ಮಾಡಬೇಕು. ನಾವು ಅದನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಇಟ್ಟೆವು. ಅದಕ್ಕೆ ಬೆಳಕು ಸಿಕ್ಕಾಪಟ್ಟೆ ಬೇಕು. ಬಳ್ಳಾರಿಯಲ್ಲಿ ಏಪ್ರಿಲ್ ಮಧ್ಯಾಹ್ನದ ಬೆಳಕಿಗೆ ಏನು ಕೊರತೆ! ನೆತ್ತಿ ಮೇಲಿನ ಬಿಸಿಲಲ್ಲಿ ಮುಖ ಚೆನ್ನಾಗಿ ಬರಲ್ಲ ಅಂತ ಸಾಮಾನ್ಯವಾಗಿ ಆ ಹೊತ್ತಿನಲ್ಲಿ ಯಾರೂ ಶೂಟ್ ಮಾಡುವುದಿಲ್ಲ, ನಮಗೆ ಅದೇ ಬೇಕಿತ್ತು: ಕಣ್ಣಿನ ಕೆಳಗೆ, ಗದ್ದದ ಕೆಳಗೆ ಮಸಿ ಬಳಿದಂಥ ನೆರಳು. ಕ್ಯಾಮೆರಾ ನೆಲಕ್ಕಿಟ್ಟು ವೈಡ್ ಲೆನ್ಸಿನ ಹತ್ತಿರಕ್ಕೆ ಮುಷ್ಟಿ ತಂದರೆ, ಹಿಂದಿನ ಬೆಟ್ಟದ ಬಂಡೆಗಳಿಗಿಂತ ಅದೇ ದೊಡ್ಡದಾಗಿ ಕಾಣುತ್ತದೆ.

ಬಣ್ಣದ ಯೋಚನೆ ಬಂದದ್ದು 2005ರ ‘ಸಿನ್ ಸಿಟಿ’ಯಿಂದ. ಅದು ಕಪ್ಪು ಬಿಳುಪು, ಅಲ್ಲಲ್ಲಿ ಮಾತ್ರ ಬಣ್ಣ. ನಾವು ಸಂಡೂರು ರಸ್ತೆಯ ದೃಶ್ಯದಲ್ಲಿ ಎಲ್ಲ ಬಣ್ಣ ತೆಗೆದು ಅದಿರಿನ ಕೆಂಪು ಧೂಳನ್ನಷ್ಟೇ ಉಳಿಸಿದೆವು. ಈ ಧೂಳಲ್ಲೇ ಬೆಳೆದವರಿಗೆ ಆ ಕೆಂಪು ಏನು ಅಂತ ಹೇಳಿಕೊಡಬೇಕಿಲ್ಲ.

ಕಾಮಿಕ್ಸ್ ಪುಟದ ಹಾಗೆ ಪರದೆಯನ್ನು ಚೌಕಗಳಾಗಿ ಒಡೆಯುವುದು ಮಾತ್ರ ನನಗೆ ಅಷ್ಟು ಹಿಡಿಸುವುದಿಲ್ಲ. 2003ರ ‘ಹಲ್ಕ್’ನಲ್ಲಿ ನಿರ್ದೇಶಕ ಆಂಗ್ ಲೀ ಅದನ್ನು ಧಾರಾಳವಾಗಿ ಬಳಸಿದ್ದಾರೆ. ಪುಸ್ತಕದಲ್ಲಿ ಯಾವ ಚೌಕದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದು ನಮ್ಮ ಕೈಲಿರುತ್ತದೆ, ಸಿನಿಮಾದಲ್ಲಿ ಎಲ್ಲ ಚೌಕಗಳೂ ಒಟ್ಟಿಗೇ ಓಡುತ್ತವೆ, ಕಣ್ಣು ಎಲ್ಲಿಗೆ ಅಂತ ಹೋಗಬೇಕು? ನಾವು ಅದನ್ನು ಇಟ್ಟದ್ದು ಒಂದು ಫೋನ್ ಮಾತುಕತೆಗೆ ಮಾತ್ರ, ಅದರಲ್ಲೂ ಒಬ್ಬರು ಮಾತಾಡುವಾಗ ಇನ್ನೊಬ್ಬರ ಚೌಕವನ್ನು ಅಲುಗಾಡದಂತೆ ನಿಲ್ಲಿಸಿದೆವು.