ಎಲ್ಲ ಗಲ್ಲಿಗೂ ಒಂದೇ ಹೆಸರು: ಅಕ್ಷರದ ಊರಿನಲ್ಲಿ ದಾರಿ ಹಿಡಿಯುವುದು ಹೇಗೆ?

ಉತ್ತರಕ್ಕೆ ಒಂದು ಹೆಜ್ಜೆ ಇಟ್ಟಿರಿ. ಬೇಡ ಅನ್ನಿಸಿ ಮತ್ತೆ ದಕ್ಷಿಣಕ್ಕೆ ತಿರುಗಿದಿರಿ. ಹೊರಟ ಜಾಗಕ್ಕೇ ಬರಬೇಕಿತ್ತು ಅಲ್ವಾ? ಬರಲಿಲ್ಲ. ತೆರೆಯ ಮೇಲೆ ಬೇರೆಯದೇ ಗಲ್ಲಿ. ಅದರ ಹೆಸರೂ ‘ಕಿರಿದಾದ ಗಲ್ಲಿ’, ಈಗ ತಾನೇ ಬಿಟ್ಟು ಬಂದದ್ದರ ಹೆಸರೂ ‘ಕಿರಿದಾದ ಗಲ್ಲಿ’.

ಮಡ್ ಆಟಗಳಿಗೆ ಹೊಸದಾಗಿ ಬಂದವರಿಗೆ ಈ ಅನುಭವ ಆಗಿಯೇ ಆಗುತ್ತದೆ. ಮಡ್ ಅಂದರೆ ಚಿತ್ರವಿಲ್ಲದ, ಬರೀ ಅಕ್ಷರದಲ್ಲಿ ನಡೆಯುವ ಆನ್‌ಲೈನ್ ಆಟ. ‘ಎನ್’ ಒತ್ತಿದರೆ ಉತ್ತರಕ್ಕೆ ಹೋಗುತ್ತೀರಿ, ‘ಎಸ್’ ಒತ್ತಿದರೆ ದಕ್ಷಿಣಕ್ಕೆ. ಹೋದಲ್ಲಿ ಏನಿದೆ ಅಂತ ನಾಲ್ಕು ಸಾಲಿನಲ್ಲಿ ಆಟವೇ ಹೇಳುತ್ತದೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರು ಮಾಡಿ, ರಿಚರ್ಡ್ ಬಾರ್ಟಲ್ ಬೆಳೆಸಿದ ಆಟದ ಹೆಸರು ಮಡ್. ಆಮೇಲೆ ಬಂದ ಇಡೀ ಜಾತಿಗೇ ಆ ಹೆಸರು ಅಂಟಿಕೊಂಡಿತು. ನಾನು ನೋಡಿದ ಮಟ್ಟಿಗೆ, ರಾಕ್ಷಸರ ಕೈಯಲ್ಲಿ ಸೋತು ಇದನ್ನು ಬಿಟ್ಟವರು ಕಡಿಮೆ. ಊರೊಳಗೆ ದಾರಿ ಸಿಗದೆ ಬೇಸತ್ತು ಬಿಟ್ಟವರೇ ಜಾಸ್ತಿ.

ಇಲ್ಲಿ ಊರು ಅಂದರೆ ಏನು?

ದಾರಿ ಹುಡುಕುವ ಮೊದಲು ಇದೊಂದು ತಲೆಗೆ ಹೋಗಬೇಕು. ಈ ಊರಿಗೆ ಉದ್ದ ಅಗಲ ಇಲ್ಲ. ಇರುವುದು ರೂಮುಗಳು, ರೂಮಿನಿಂದ ರೂಮಿಗೆ ಬಾಗಿಲುಗಳು, ಅಷ್ಟೇ. ಬೀದಿಯೂ ರೂಮೇ, ಚೌಕವೂ ರೂಮೇ, ಸೇತುವೆಯ ಮಧ್ಯಭಾಗವೂ ಒಂದು ರೂಮೇ. ಒಂದು ಹೆಜ್ಜೆ ಅಂದರೆ ಪಕ್ಕದ ಅಂಗಡಿಯೂ ಆಗಬಹುದು, ಅರ್ಧ ಊರು ದಾಟಿದ್ದೂ ಆಗಬಹುದು.

ಊರು ಕಟ್ಟಿದವರ ಕಡತ ಹೇಗಿರುತ್ತದೆ ಅಂತ ತಿಳಿದರೆ ಗೊಂದಲ ಅರ್ಧ ಇಳಿಯುತ್ತದೆ. 1991ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಐವರು ವಿದ್ಯಾರ್ಥಿಗಳು ಹೊರತಂದ ಡಿಕುಮಡ್ ಅನ್ನುವ ಆಟದಲ್ಲಿ ಪ್ರತಿ ರೂಮಿಗೂ ಒಂದು ನಂಬರ್ ಇರುತ್ತದೆ. ‘ಉತ್ತರದ ಬಾಗಿಲು ಇಂಥ ನಂಬರಿನ ರೂಮಿಗೆ’ ಅಂತ ಒಂದು ಕಡೆ ಬರೆದಿರುತ್ತಾರೆ. ಆ ರೂಮಿನಿಂದ ವಾಪಸ್ ಬರುವ ದಕ್ಷಿಣದ ಬಾಗಿಲನ್ನು ಬೇರೆಯಾಗಿಯೇ ಬರೆಯಬೇಕು. ಬರೆಯಲು ಮರೆತರೆ ಅದು ಒಮ್ಮುಖ ದಾರಿ. ಬೇಕಂತಲೇ ಬೇರೆ ನಂಬರ್ ಕೊಟ್ಟರೆ ನಿಮ್ಮನ್ನು ಸುತ್ತು ಹೊಡೆಸುವ ಗಲ್ಲಿ. ಆಟಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಗೋಡೆಗೆ ಬಲಗೈ ಇಟ್ಟುಕೊಂಡು ನಡೆದರೆ ಚಕ್ರವ್ಯೂಹ ದಾಟಬಹುದು ಅನ್ನುವ ಹಳೇ ಉಪಾಯ ಹಾಗಾಗಿ ಇಲ್ಲಿ ನಡೆಯುವುದಿಲ್ಲ. ಕೈ ಇಡೋಕೆ ಗೋಡೆಯೇ ಇಲ್ಲ!

ಒಂದು ಗೂಟ ಹೊಡೆಯಿರಿ

ಮೊದಲ ಕೆಲಸ, ಊರಿನಲ್ಲಿ ಒಂದು ಜಾಗವನ್ನು ನಿಮ್ಮದು ಮಾಡಿಕೊಳ್ಳುವುದು. ಬಹಳಷ್ಟು ಆಟಗಳಲ್ಲಿ ‘ರಿಕಾಲ್’ ಅಂತ ಒಂದು ಆಜ್ಞೆ ಇದೆ. ಎಲ್ಲಿದ್ದರೂ ಅದು ನಿಮ್ಮನ್ನು ಗೊತ್ತಾದ ಒಂದು ಜಾಗಕ್ಕೆ ತಂದು ಬಿಡುತ್ತದೆ. ನಿಮ್ಮ ಆಟದಲ್ಲಿ ಇದ್ದರೆ ಗೂಟ ಅಲ್ಲೇ. ಇಲ್ಲದಿದ್ದರೆ ನಾಲ್ಕು ದಿಕ್ಕಿಗೂ ದಾರಿ ಇರುವ ದೊಡ್ಡ ಚೌಕ ಹಿಡಿಯಿರಿ.

ಡಿಕುಮಡ್ ಜೊತೆಗೆ ಬಂದ ಮಿಡ್‌ಗಾರ್ಡ್ ಅನ್ನುವ ಊರು ಇದನ್ನು ಕಲಿಯಲು ಒಳ್ಳೆಯ ಪಾಠಶಾಲೆ. ಡಿಕುಮಡ್ ಮೇಲೆ ಕಟ್ಟಿದ ಎಷ್ಟೋ ಆಟಗಳಲ್ಲಿ ಆ ಊರು ಹಾಗೇ ಉಳಿದುಕೊಂಡಿದೆ. ಗುಡಿಯಿಂದ ದಕ್ಷಿಣಕ್ಕೆ ಗುಡಿಯ ಚೌಕ, ಇನ್ನೂ ದಕ್ಷಿಣಕ್ಕೆ ಮಾರುಕಟ್ಟೆ ಚೌಕ. ಅಲ್ಲಿಂದ ಪೂರ್ವಕ್ಕೆ ಹೋದರೂ ಮುಖ್ಯ ಬೀದಿ, ಪಶ್ಚಿಮಕ್ಕೆ ಹೋದರೂ ಮುಖ್ಯ ಬೀದಿ. ಹೆಸರು ನೋಡಿ ಎಲ್ಲಿದ್ದೀರಿ ಅಂತ ಹೇಳಲು ಆಗುವುದಿಲ್ಲ. ಮಾರುಕಟ್ಟೆ ಚೌಕದಿಂದ ಯಾವ ಕಡೆಗೆ ಎಷ್ಟು ಹೆಜ್ಜೆ ಅಂತ ಎಣಿಸಿದ್ದರೆ ಮಾತ್ರ ಗೊತ್ತಾಗುತ್ತದೆ.

ಮೊದಲ ದಿನ ಗೂಟದಿಂದ ನಾಲ್ಕೈದು ಹೆಜ್ಜೆಗಿಂತ ದೂರ ಹೋಗಬೇಡಿ. ನಾಲ್ಕು ಮುಖ್ಯ ಬೀದಿಗಳಲ್ಲಿ ಕೊನೆಯವರೆಗೆ ಹೋಗಿ ಬಂದರೆ ಸಾಕು. ಗಲ್ಲಿಗಳ ಸಹವಾಸ ಆಮೇಲೆ.

ನೋಟ್‌ಬುಕ್ಕಿಗೆ ನಾಲ್ಕು ಹಳೇ ಪದ

ನನ್ನ ಒಂದು ಪೆದ್ದತನ ಹೇಳುತ್ತೇನೆ. ಶುರುವಿನಲ್ಲಿ ದಾರಿಗಳನ್ನು ಉ, ದ, ಪೂ, ಪ ಅಂತ ಬರೆದುಕೊಳ್ಳುತ್ತಿದ್ದೆ. ಒಂದು ರಾತ್ರಿ ಊರ ಹಿಂದಿನ ಗಲ್ಲಿಯೊಂದರಲ್ಲಿ ಕಳ್ಳರ ಕೈಗೆ ಸಿಕ್ಕಿ ಸತ್ತೆ. ಇಂಥ ಆಟಗಳಲ್ಲಿ ಸತ್ತರೆ ಗುಡಿಯಲ್ಲಿ ಮತ್ತೆ ಎದ್ದೇಳಬಹುದು. ಆದರೆ ಕತ್ತಿ, ಕವಚ, ಹಣ ಎಲ್ಲ ಹೆಣದ ಜೊತೆ ಅಲ್ಲೇ ಬಿದ್ದಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಹೆಣ ಕೊಳೆತು ಮಾಯ. ನೋಟ್‌ಬುಕ್ ತೆಗೆದು ಓಡಿದೆ. ಅವಸರದಲ್ಲಿ ಬರೆದ ‘ಪೂ’ದ ಕೊಂಬು ಎಲ್ಲೋ ಬಿಟ್ಟುಹೋಗಿತ್ತು. ಪೂರ್ವಕ್ಕೆ ಹೋಗಬೇಕಾದವನು ಪಶ್ಚಿಮಕ್ಕೆ ಹೋದೆ. ತಪ್ಪು ತಿಳಿದು ವಾಪಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವತ್ತಿನಿಂದ ಮೂಡಣ, ಪಡುವಣ, ಬಡಗಣ, ತೆಂಕಣ. ಮೂ, ಪ, ಬ, ತೆ. ಒಂದಕ್ಕೊಂದು ಹೋಲುವುದೇ ಇಲ್ಲ. ಮೂಲೆಗಳಿಗೆ ಈಶಾನ್ಯದ ಈ, ಆಗ್ನೇಯದ ಆ, ನೈರುತ್ಯದ ನೈ, ವಾಯವ್ಯದ ವಾ. ಮೇಲಕ್ಕೆ ಮೇ, ಕೆಳಕ್ಕೆ ಕೆ. ಆಟ ಇಂಗ್ಲಿಷಿನಲ್ಲಿದ್ದರೂ ನೋಟ್‌ಬುಕ್ ನಿಮ್ಮದೇ ತಾನೇ.

ಪ್ರತಿ ರೂಮಿಗೆ ಮೂರು ವಿಷಯ ಬರೆಯಿರಿ: ಹೆಸರು, ಯಾವ ಯಾವ ದಿಕ್ಕಿಗೆ ಬಾಗಿಲು, ವಿವರಣೆಯಲ್ಲಿ ಕಣ್ಣಿಗೆ ಬಿದ್ದ ಒಂದು ಗುರುತು. ಇನ್ನೂ ಹೋಗಿ ನೋಡದ ಬಾಗಿಲಿನ ಪಕ್ಕ ಪ್ರಶ್ನೆ ಚಿಹ್ನೆ ಹಾಕಿ. ಹೊಸ ಊರಿನಲ್ಲಿ ‘ಬ್ರೀಫ್’ ಆಯ್ಕೆ ಬಂದ್ ಮಾಡಿಟ್ಟಿರಬೇಕು. ಅದು ಚಾಲೂ ಇದ್ದರೆ ವಿವರಣೆ ಬಿಟ್ಟು ಬರೀ ಹೆಸರು ತೋರಿಸುತ್ತದೆ, ಗುರುತೇ ಸಿಗುವುದಿಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಹೋದ ದಾರಿಯಲ್ಲಿ ವಾಪಸ್ ಬಂದು ನೋಡದೆ, ನಕ್ಷೆಯಲ್ಲಿ ರೂಮಿನಿಂದ ರೂಮಿಗೆ ಎಳೆದ ಯಾವ ಗೆರೆಯನ್ನೂ ಪಕ್ಕಾ ಮಾಡಬೇಡಿ. ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ, ಮತ್ತೆ ಮುಂದೆ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ಮೋಸದ ಗಲ್ಲಿ ಸಿಕ್ಕಿಬೀಳುವುದು ಹೀಗೆ ಮಾತ್ರ. ಒಂದು ಉದಾಹರಣೆ ನೋಡಿ.

ಚೌಕ, ತೆ: ಗಲ್ಲಿ 1. ಬಾಗಿಲು ಬ, ತೆ?, ಮೂ. ಒಡೆದ ಕಂದೀಲು.
ಗಲ್ಲಿ 1, ಮೂ: ಗಲ್ಲಿ 2. ಬಾಗಿಲು ಬ?, ಪ. ಒದ್ದೆ ಗೋಡೆ.
ಗಲ್ಲಿ 2, ಪ: ಗಲ್ಲಿ. ಬಾಗಿಲು ಬ?, ತೆ?, ಮೂ?. ಕಂದೀಲು ಇಲ್ಲ!

ಮೂರನೆಯ ಸಾಲಿನಲ್ಲಿ ಹೆಸರು ಅದೇ, ಬಾಗಿಲುಗಳೂ ಗಲ್ಲಿ 1ರವೇ. ಸುಮ್ನೆ ಓಡಿಕೊಂಡು ಬಂದಿದ್ದರೆ ಗಲ್ಲಿ 1ಕ್ಕೇ ಬಂದೆ ಅಂದುಕೊಂಡು ಉತ್ತರಕ್ಕೆ ಚೌಕ ಹುಡುಕುತ್ತಿದ್ದಿರಿ. ಒಡೆದ ಕಂದೀಲು ಇಲ್ಲ ಅಂದ ಮೇಲೆ ಅದು ಗಲ್ಲಿ 3. ಪುಟದಲ್ಲಿ ಗಲ್ಲಿ 2ರಿಂದ ಗಲ್ಲಿ 3ಕ್ಕೆ ಬಾಣದ ಗುರುತು ಹಾಕಿ. ಬರೀ ಗೆರೆ ಎಳೆದರೆ ಎರಡೂ ಕಡೆಯಿಂದ ಓಡಾಡಬಹುದು ಅಂತ ಅರ್ಥ, ಬಾಣ ಹಾಕಿದರೆ ಒಂದೇ ಕಡೆಗೆ. ಗೆರೆ ಡೊಂಕಾದರೂ, ಪುಟದ ಆ ತುದಿಯಿಂದ ಈ ತುದಿಗೆ ಹೋದರೂ ಪರವಾಗಿಲ್ಲ. ಅಚ್ಚುಕಟ್ಟಾದ ಚೌಕಳಿ ನಕ್ಷೆ ಬರೆಯಲು ಹೋದವರೇ ಇಲ್ಲಿ ಕೆಡುವುದು.

ಗುರುತೂ ಒಂದೇ ಆದರೆ?

ಕೆಲವು ಊರುಗಳಲ್ಲಿ ವಿವರಣೆಯೂ ಅಕ್ಷರಕ್ಕೆ ಅಕ್ಷರ ಒಂದೇ ಇರುತ್ತದೆ. ಇದಕ್ಕೆ ಪರಿಹಾರ ಮಡ್‌ಗಿಂತಲೂ ಹಳೆಯದು. 1970ರ ದಶಕದ ನಡುವಿನಲ್ಲಿ ವಿಲ್ ಕ್ರೌದರ್ ಅನ್ನುವ ಪ್ರೋಗ್ರಾಮರ್ ಗುಹೆಯೊಂದರ ಅಕ್ಷರದ ಆಟ ಬರೆದರು. ಅಮೆರಿಕದ ಕೆಂಟಕಿಯ ಮ್ಯಾಮತ್ ಗುಹೆಗಳಲ್ಲಿ ತಿರುಗಾಡಿ ನಕ್ಷೆ ಮಾಡಿದ್ದವರು ಅವರು. 1977ರಲ್ಲಿ ಡಾನ್ ವುಡ್ಸ್ ಅದನ್ನು ಹಿಗ್ಗಿಸಿದರು. ಅದರಲ್ಲಿ ಎಲ್ಲವೂ ಒಂದೇ ಥರ ಕಾಣುವ ಸಂದುಗಳ ಚಕ್ರವ್ಯೂಹವಿದೆ. ಆಟಗಾರರು ಅದನ್ನು ಬಿಡಿಸಿದ್ದು ಪ್ರತಿ ಸಂದಿನಲ್ಲೂ ಒಂದೊಂದು ಬೇರೆ ವಸ್ತು ಇಟ್ಟು. ಇಲ್ಲಿ ದೀಪ, ಅಲ್ಲಿ ಬಾಟಲಿ. ಮತ್ತೆ ದೀಪ ಕಂಡರೆ ಸುತ್ತಿ ಬಂದಿದ್ದೇವೆ ಅಂತ ಅರ್ಥ.

ಮಡ್‌ನಲ್ಲೂ ‘ಡ್ರಾಪ್’ ಆಜ್ಞೆಯಿಂದ ಹೀಗೇ ಮಾಡಬಹುದು. ಆದರೆ ಇದು ಜನ ಓಡಾಡುವ ಊರು. ನೀವಿಟ್ಟ ಗುರುತನ್ನು ಇನ್ನೊಬ್ಬ ಆಟಗಾರ ಎತ್ತಿಕೊಂಡು ಹೋಗಬಹುದು. ಮಿಡ್‌ಗಾರ್ಡ್‌ನಲ್ಲಂತೂ ಕಸ ಗುಡಿಸುವವನೊಬ್ಬ ತಿರುಗುತ್ತಿರುತ್ತಾನೆ, ಬಿದ್ದ ಅಗ್ಗದ ಸಾಮಾನನ್ನೆಲ್ಲ ಎತ್ತಿಕೊಳ್ಳುವುದೇ ಅವನ ಕೆಲಸ. ನನ್ನ ಎಷ್ಟು ಗುರುತುಗಳನ್ನು ನುಂಗಿದ್ದಾನೋ! ಹಾಗಾಗಿ ಒಮ್ಮೆಗೆ ಐದಾರು ರೂಮಿನ ತುಂಡು ಮಾತ್ರ ಹಿಡಿಯಿರಿ. ಎಲ್ಲ ಬಾಗಿಲು ನೋಡಿ ಬರೆದು ಮುಗಿಸಿ, ಸಾಮಾನು ಎತ್ತಿಕೊಂಡು ಮುಂದಿನ ತುಂಡಿಗೆ ಹೋಗಿ. ಗುರುತು ಕಾಣಲಿಲ್ಲ ಅಂದ ಮಾತ್ರಕ್ಕೆ ಹೊಸ ರೂಮು ಅಂತ ತೀರ್ಮಾನಿಸಬೇಡಿ. ಕಂಡರೆ ನಂಬಬಹುದು, ಕಾಣದಿದ್ದರೆ ಇನ್ನೊಂದು ಬಾಗಿಲಿನಿಂದ ಬಂದು ನೋಡಿ.

ನಕ್ಷೆ ತಾನೇ ಬರೆಯುವ ಸಾಫ್ಟ್‌ವೇರ್

ಇಷ್ಟೆಲ್ಲ ಕೈಯಲ್ಲಿ ಯಾಕೆ, ಮಡ್ಲೆಟ್ ಇದೆಯಲ್ಲ ಅನ್ನುತ್ತೀರಿ. ಇದೆ, ಚೆನ್ನಾಗಿಯೂ ಇದೆ, ದುಡ್ಡೂ ಬೇಡ. ಟಿನ್‌ಟಿನ್++ ಅನ್ನುವುದರಲ್ಲೂ ನಕ್ಷೆಯ ಸೌಲಭ್ಯ ಇದೆ. ಕೆಲವು ಆಟಗಳು ಜಿಎಂಸಿಪಿ ಅನ್ನುವ ಏರ್ಪಾಡಿನಲ್ಲಿ ರೂಮಿನ ನಂಬರನ್ನೇ ತೆರೆಯ ಹಿಂದಿನಿಂದ ಕಳಿಸುತ್ತವೆ. ಆಗ ಒಂದೇ ಹೆಸರಿನ ನೂರು ಗಲ್ಲಿ ಇದ್ದರೂ ಸಾಫ್ಟ್‌ವೇರ್ ತಪ್ಪುವುದಿಲ್ಲ. ನಿಮ್ಮ ಆಟ ನಂಬರ್ ಕಳಿಸದಿದ್ದರೆ ಅದೂ ಹೆಸರು, ಬಾಗಿಲು ನೋಡಿಯೇ ಊಹಿಸಬೇಕು. ನಮ್ಮ ಹಾಗೇ ಮೋಸ ಹೋಗುತ್ತದೆ, ನಮಗಿಂತ ಧೈರ್ಯವಾಗಿ. ನಕ್ಷೆಯಲ್ಲಿ ಎರಡು ರೂಮು ಒಂದರ ಮೇಲೊಂದು ಬಿದ್ದರೆ ಗಾಬರಿ ಬೇಡ. ಒಂದನ್ನು ಎಳೆದು ಪಕ್ಕಕ್ಕಿಡಿ, ಗೆರೆ ಉದ್ದ ಆಗುತ್ತದೆ, ಅಷ್ಟೇ.

ಕಣ್ಣು ಕಾಣದವರು ಅನೇಕರು ಸ್ಕ್ರೀನ್ ರೀಡರ್ ಹಾಕಿಕೊಂಡು ಮಡ್ ಆಡುತ್ತಾರೆ. ಗೆರೆ, ಚುಕ್ಕಿಗಳ ನಕ್ಷೆಯನ್ನು ಗಟ್ಟಿಯಾಗಿ ಓದಿಸಿದರೆ ಅರ್ಥವಿಲ್ಲದ ಗದ್ದಲ ಕೇಳುತ್ತದೆ. ‘ಚೌಕದಿಂದ ಕಮ್ಮಾರನ ಅಂಗಡಿಗೆ ತೆ, ತೆ, ಮೂ’ ಅನ್ನುವಂಥ ದಾರಿಪಟ್ಟಿಯಾದರೆ ಕೆಲಸಕ್ಕೆ ಬರುತ್ತದೆ. ಕಣ್ಣು ಕಾಣುವವರಿಗೂ ಓಡುವಾಗ ಬೇಕಾಗುವುದು ಇಂಥ ಪಟ್ಟಿಯೇ ಅಂತ ನನ್ನ ಅಭಿಪ್ರಾಯ.

ಓಡುವ ಮೊದಲು

ಇಂಥ ಪಟ್ಟಿಯನ್ನು ಒಂದೇ ಏಟಿಗೆ ಕಳಿಸುವುದಕ್ಕೆ ಸ್ಪೀಡ್‌ವಾಕ್ ಅನ್ನುತ್ತಾರೆ. ಎರಡು ದಕ್ಷಿಣ, ಮೂರು ಪೂರ್ವ ಅಂತ ಬರೆದು ಎಂಟರ್ ಒತ್ತಿದರೆ ಐದು ಹೆಜ್ಜೆ ಒಟ್ಟಿಗೇ ಹೋಗುತ್ತವೆ. ಅಪಾಯ ಇರುವುದೂ ಅಲ್ಲೇ. ಎರಡನೆಯ ಹೆಜ್ಜೆಗೆ ಯಾರೋ ಬಾಗಿಲು ಹಾಕಿದ್ದರೆ ಆ ಒಂದು ಹೆಜ್ಜೆ ಮಾತ್ರ ಬಿಟ್ಟುಹೋಗುತ್ತದೆ. ಉಳಿದವು ನಿಲ್ಲುವುದಿಲ್ಲ, ತಪ್ಪು ಜಾಗದಿಂದಲೇ ಮುಂದುವರಿಯುತ್ತವೆ. ನಡುವೆ ಯಾರಾದರೂ ಮೇಲೆ ಬಿದ್ದರೂ, ನಡೆಯುವ ಶಕ್ತಿ ಮುಗಿದರೂ ಇದೇ ಗತಿ. ಬಾಗಿಲು ಇರುವ ಜಾಗದಲ್ಲಿ ಪಟ್ಟಿಯನ್ನು ಎರಡು ತುಂಡು ಮಾಡಿ, ನಡುವೆ ನಿಂತು ನೋಡಿ. ಆಟದ ನಿಯಮಗಳನ್ನೂ ಒಮ್ಮೆ ಓದಿಕೊಳ್ಳಿ. ನೀವು ಎದುರಿಗೆ ಇಲ್ಲದಾಗ ತಾನಾಗೇ ಓಡಾಡುವ ಸ್ಕ್ರಿಪ್ಟ್‌ಗಳನ್ನು ಬಹಳ ಕಡೆ ಒಪ್ಪುವುದಿಲ್ಲ.

ಕತ್ತಲೆ ಇನ್ನೊಂದು ತಲೆನೋವು. ಕೆಲವು ಆಟಗಳಲ್ಲಿ ದೀಪ ಇಲ್ಲದಿದ್ದರೆ ರೂಮಿನ ಹೆಸರೂ ಕಾಣುವುದಿಲ್ಲ. ಒಂದು ಪಂಜು ಕೊಂಡಿಟ್ಟುಕೊಳ್ಳಿ.

ದಾರಿ ತಪ್ಪಿಯೇ ಬಿಟ್ಟರೆ

ಮೊದಲು ಕೀಬೋರ್ಡಿನಿಂದ ಕೈ ತೆಗೆಯಿರಿ. ಗಾಬರಿಯಲ್ಲಿ ಒತ್ತಿದ ಒಂದೊಂದು ದಿಕ್ಕೂ ಹೊಸ ಸಿಕ್ಕು. ತೆರೆಯನ್ನು ಮೇಲಕ್ಕೆ ಸರಿಸಿದರೆ ನೀವು ಬಂದ ಹೆಜ್ಜೆಗಳೆಲ್ಲ ಅಲ್ಲೇ ಬಿದ್ದಿರುತ್ತವೆ. ಗೊತ್ತಿರುವ ಕೊನೆಯ ರೂಮಿನಿಂದ ಇಲ್ಲಿಯವರೆಗೆ ಹೆಜ್ಜೆಗಳನ್ನು ಬರೆದುಕೊಳ್ಳಿ. ತಿರುಗಾ ಹೋಗುವಾಗ ಪ್ರತಿ ರೂಮನ್ನೂ ಅದರ ಜೊತೆ ತಾಳೆ ಹಾಕಿ. ಎಲ್ಲಿ ತಾಳೆ ಆಗುವುದಿಲ್ಲವೋ ಅಲ್ಲೊಂದು ಮೋಸದ ಬಾಗಿಲು ಇದೆ. ಪುಟದಲ್ಲಿ ಅದಕ್ಕೊಂದು ಬಾಣ.

ಆಗಲೂ ಸಿಗದಿದ್ದರೆ ರಿಕಾಲ್. ಅದೂ ಇಲ್ಲದಿದ್ದರೆ ಆಟದೊಳಗೇ ಯಾರನ್ನಾದರೂ ಕೇಳಿ, ಇದರಲ್ಲಿ ನಾಚಿಕೆ ಏನಿಲ್ಲ. ‘ಗಲ್ಲಿಯಲ್ಲಿದ್ದೇನೆ, ಕಾಪಾಡಿ’ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ‘ಕಿರಿದಾದ ಗಲ್ಲಿ, ಬಾಗಿಲು ಉತ್ತರಕ್ಕೂ ಪಶ್ಚಿಮಕ್ಕೂ, ಗೋಡೆ ಒದ್ದೆ’ ಅನ್ನಿ. ಹಳಬರು ಒಬ್ಬರಾದರೂ ಇದ್ದರೆ, ಇದೇ ಗಲ್ಲಿಯಲ್ಲಿ ತಾವು ಸುತ್ತಿದ ಕಥೆಯನ್ನೂ ಸೇರಿಸಿ ದಾರಿ ಹೇಳುತ್ತಾರೆ.